ವಾಡೆಯಿಂದ ಫ್ಲ್ಯಾಟಿನವರೆಗೆ: ಪುಣೆಯ ಕಟ್ಟಡಗಳೂ ನಮ್ಮ ನಂಬಿಕೆಗಳೂ

ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ಕಾಕಾ ಊರಿನಿಂದ ಬಂದಿದ್ದರು. ಗದಗ ಕಡೆಯ ಒಂದು ಸಣ್ಣ ಹಳ್ಳಿಯವರು ನಾವು. ಎಪ್ಪತ್ತು ದಾಟಿದ ಕಾಕಾ ಪುಣೆಯನ್ನು ಕಂಡದ್ದು ಇದೇ ಮೊದಲು. ಊರಿನಿಂದ ಬಂದವರನ್ನು ಶನಿವಾರವಾಡೆಗೆ ಕರೆದೊಯ್ಯುವುದು ಇಲ್ಲಿಯ ಕನ್ನಡಿಗರೆಲ್ಲರ ಮನೆಯ ಪದ್ಧತಿಯಷ್ಟೇ; ನಾವೂ ಹಾಗೆಯೇ ಮಾಡಿದೆವು. ದಿಲ್ಲಿ ದರವಾಜೆಯ ಮುಂದೆ ನಿಂತು, ಆನೆ ಹಣೆಯಿಂದ ಗುದ್ದದಂತೆ ಬಾಗಿಲಿಗೆ ಬಡಿದ ಕಬ್ಬಿಣದ ಮೊಳೆಗಳನ್ನು ಕಾಕಾ ಕತ್ತೆತ್ತಿ ನೋಡಿ ತಲೆದೂಗಿದರು. ಒಳಗೆ ಹೋಗಿ ಹುಲ್ಲುಹಾಸು, ಕಾರಂಜಿಯ ಹೊಂಡ, ಸಾಲುಸಾಲಾದ ಕಲ್ಲಿನ ಅಡಿಪಾಯಗಳನ್ನು ಸುತ್ತಿ ಬಂದ ಮೇಲೆ, "ಅಲ್ಲೋ ತಮ್ಮಾ, ಬಾಗಲಾ ಐತಿ, ಗ್ವಾಡಿ ಐತಿ, ಮನಿ ಎಲ್ಲೈತಿ?" ಎಂದು ಕೇಳಿದರು.

ಮನೆ 1828ರ ಬೆಂಕಿಯಲ್ಲಿ ಸುಟ್ಟುಹೋಯಿತೆಂದು ನಾವು ವಿವರಿಸಿದೆವು. ಆದರೆ ಅವರ ಪ್ರಶ್ನೆ ಮಾತ್ರ ನಮ್ಮ ತಲೆಯಿಂದ ಹೋಗಲಿಲ್ಲ. ಕಾಕಾ ಬರೇ ಪುಣೆ ನೋಡಲು ಬಂದಿರಲಿಲ್ಲ. ಊರಲ್ಲಿಯ ಹಿರಿಯರ ಮನೆಯನ್ನು ಕೆಡವಿ ಆರ್.ಸಿ.ಸಿ. ಮನೆ ಕಟ್ಟಬೇಕೆಂದು ಅಲ್ಲಿಯ ಅಣ್ಣತಮ್ಮಂದಿರು ನಿಶ್ಚಯಿಸಿದ್ದರು. ಆ ಸಮ್ಮತಿ ಪತ್ರಕ್ಕೆ ನಮ್ಮ ಸಹಿ ಬೇಕಾಗಿತ್ತು. ಕಾಗದ ಅವರ ಚೀಲದಲ್ಲಿಯೇ ಇತ್ತು.

ಕಟ್ಟಡವೆಂದರೆ ಜನರ ನಂಬಿಕೆಯ ಕನ್ನಡಿ ಎಂದು ಬಲ್ಲವರು ಹೇಳುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು, ಇಪ್ಪತ್ತು ವರ್ಷ ಈ ಊರಿನ ಅನ್ನ ಉಂಡ ನಾವು, ಇಲ್ಲಿಯ ಕಟ್ಟಡಗಳನ್ನೇ ಮುಂದಿಟ್ಟುಕೊಂಡು ಪರೀಕ್ಷಿಸಬೇಕೆಂದಿದ್ದೇವೆ. ನಾವು ವಾಸ್ತುಶಿಲ್ಪಿಗಳಲ್ಲ, ಬಿ.ಎಸ್ಸಿ. ಮಾಡಿ ಕೇಂದ್ರ ಸರಕಾರದ ಕಚೇರಿಯಲ್ಲಿ ಕಡತ ತಿರುವುವವರು. ಆದರೆ ಮನೆಯಲ್ಲಿ ವಾಸಿಸುವವನಿಗೂ ಮನೆಯ ಬಗ್ಗೆ ಮಾತಾಡುವ ಅಧಿಕಾರ ಇದ್ದೇ ಇದೆ.

ಮೊದಲು ನಮ್ಮವರ ಕಟ್ಟಡದಿಂದಲೇ ಆರಂಭಿಸೋಣ. ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹಾಲಯ 8ನೇ ಶತಮಾನದ ರಾಷ್ಟ್ರಕೂಟರ ಕಾಲದ್ದು. ಎಲ್ಲೋರದ ಕೈಲಾಸವನ್ನು ಕಡಿಸಿದ ಒಂದನೇ ಕೃಷ್ಣನ ತಾಮ್ರಪಟಗಳಲ್ಲಿಯೇ ಈ ಪ್ರದೇಶದ ಹೆಸರು 'ಪುನಕ ವಿಷಯ' ಎಂದು ಬರುತ್ತದೆ. ಆ ಮನೆತನ ಮುಂದೆ ನಮ್ಮ ಕಲಬುರ್ಗಿ ಕಡೆಯ ಮಳಖೇಡದಿಂದ, ಅಂದರೆ ಮಾನ್ಯಖೇಟದಿಂದ, ಆಳಿತೆಂಬುದು ವಾಚಕರಿಗೆ ಗೊತ್ತಿದ್ದದ್ದೇ. ಇಲ್ಲಿ ಕಟ್ಟುವ ಕೆಲಸವೇ ಇಲ್ಲ. ಇದ್ದ ಬಂಡೆಯಿಂದ ಬೇಡವಾದುದನ್ನು ಕಡಿದು ತೆಗೆದಿದ್ದಾರೆ. ಎದುರಿಗೆ ವರ್ತುಲಾಕಾರದ ನಂದಿಮಂಟಪ, ಅದೂ ಅದೇ ಬಂಡೆಯದು. ತಮ್ಮ ದೇವರು ತಮಗಿಂತ ಮೊದಲೇ ಈ ನೆಲದಲ್ಲಿದ್ದಾನೆ, ಅವನನ್ನು ಹೊರತೆಗೆದರೆ ಸಾಕು ಎಂಬ ಭಾವನೆಯವರು ಮಾತ್ರ ಇಂಥ ಕೆಲಸಕ್ಕೆ ಕೈಹಾಕಬಲ್ಲರು ಎಂದು ನಮಗೆ ತೋರುತ್ತದೆ. ಇಲ್ಲಿ ಮೇಲೆ ಹೇಳಿದ ಮಾತು ಪೂರ್ತಿ ನಿಜ.

ಸಾವಿರ ವರ್ಷ ದಾಟಿ ಪೇಶವೆಯರ ಕಾಲಕ್ಕೆ ಬರೋಣ. 1730ರ ಜನವರಿ 10ರಂದು, ಶನಿವಾರ, ಒಂದನೇ ಬಾಜೀರಾವನು ಅಡಿಗಲ್ಲನ್ನಿಟ್ಟದ್ದರಿಂದ ಅದು ಶನಿವಾರವಾಡೆಯಾಯಿತು. 1732ರಲ್ಲಿ ಗೃಹಪ್ರವೇಶ, ಆಗಿನ ಖರ್ಚು 16,110 ರೂಪಾಯಿ. ಕಲ್ಲಿನ ಕಟ್ಟಡ ಕಟ್ಟುವ ಹಕ್ಕು ಛತ್ರಪತಿಗೆ ಮಾತ್ರ ಸೇರಿದ್ದೆಂದು ಸಾತಾರೆಯಿಂದ ಆಕ್ಷೇಪ ಬಂದುದರಿಂದ, ತಳ ಮಾತ್ರ ಕಲ್ಲಿನದಾಗಿ ಉಳಿದು ಮೇಲಿನದು ಇಟ್ಟಿಗೆಯದಾಯಿತೆಂಬ ಕಥೆಯನ್ನು ಇಲ್ಲಿಯವರು ಹೇಳುತ್ತಾರೆ. ಕಥೆ ಹೇಗೇ ಇರಲಿ, ಇಟ್ಟಿಗೆ ಯಾವುದು, ಕಲ್ಲು ಯಾವುದು ಎಂಬುದರಲ್ಲಿಯೂ ಅಧಿಕಾರದ ಮೆಟ್ಟಿಲುಗಳಿವೆ ಎಂದು ಜನ ನಂಬಿದ್ದರೆನ್ನುವುದು ಅದರಿಂದ ಗೊತ್ತಾಗುತ್ತದೆ.

ಸಾಮಾನ್ಯ ಗೃಹಸ್ಥರ ವಾಡೆಗಳೂ ಇದೇ ಮಾದರಿಯವು. ಹೊರಗಡೆ ಕಿಟಕಿ ಕಡಿಮೆ. ದೊಡ್ಡ ಬಾಗಿಲೊಳಗೆ ಬಗ್ಗಿ ನುಸುಳುವ ದಿಂಡಿ ಬಾಗಿಲು. ಒಳಗೆ ಆಕಾಶಕ್ಕೆ ತೆರೆದ ಚೌಕ, ತುಳಸಿಕಟ್ಟೆ, ಬಾವಿ. ಸುತ್ತಲೂ ಓಸರಿ, ಅದರ ಹಿಂದೆ ಮಾಜಘರ, ಅದರ ಹಿಂದೆ ಅಡಿಗೆಮನೆ, ದೇವರಮನೆ. ನಮ್ಮ ಕಡೆಯ ದೇಸಾಯರ ವಾಡೆಗಳನ್ನು ಕಂಡವರಿಗೆ ಇದು ಹೊಸದೇನಲ್ಲ. ಓಸರಿ ಎಂದರೆ ನಮ್ಮ ಪಡಸಾಲೆ, ಮಾಜಘರವೆಂದರೆ ನಡುಮನೆ. ಸಾಗವಾನಿ ಕಂಬ ತೊಲೆಗಳ ಹಂದರ, ನಡುವೆ ಇಟ್ಟಿಗೆ ಮಣ್ಣಿನ ದಪ್ಪ ಗೋಡೆ. ಬೇಸಗೆಯ ಬಿಸಿಲು ಆ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ ಹೊರಗೆ ತಂಪಾಗಿರುತ್ತಿತ್ತು. ಪದಾರ್ಥವಿಜ್ಞಾನದ ಪುಸ್ತಕ ಓದದೆಯೇ ಗೌಂಡಿಗಳು ಇದನ್ನು ಅರಿತಿದ್ದರು.

ಇಷ್ಟು ಹೇಳಿದೊಡನೆ, "ಆಹಾ, ಎಂಥ ಕಾಲ!" ಎಂದು ನಿಟ್ಟುಸಿರು ಬಿಡುವವರು ನಮ್ಮಲ್ಲಿ ಬಹಳ. ವಾಡೆಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಇಲ್ಲಿಗೇ ನಿಂತುಬಿಡುತ್ತಾರೆ. ನಮ್ಮ ಆಕ್ಷೇಪವಿರುವುದು ಇಲ್ಲಿಯೇ. 2004ರಲ್ಲಿ ನೌಕರಿಗೆಂದು ಪುಣೆಗೆ ಬಂದಾಗ ನಾವು ಸದಾಶಿವ ಪೇಠೆಯ ಒಂದು ವಾಡೆಯಲ್ಲಿ, ಜಿನೆಯ ಕೆಳಗಿನ ಕೋಣೆಯೊಂದರಲ್ಲಿ ಎರಡು ವರ್ಷ ಬಾಡಿಗೆಗಿದ್ದೆವು. ಒಂದು ನಲ್ಲಿ, ಹಿಂದುಗಡೆ ಎರಡು ಶೌಚಾಲಯ, ಹನ್ನೊಂದು ಬಿಡಾರ. ಬೆಳಿಗ್ಗೆ ಬಕೇಟು ಹಿಡಿದು ಸಾಲಿನಲ್ಲಿ ನಿಂತವರಿಗೆ ವಾಡೆಯ ಸೌಂದರ್ಯ ಕಾಣುವುದು ಕಷ್ಟ. ಓಸರಿಯಿಂದ ಒಳಗೆ ಯಾರು ಬರಬಹುದು, ಯಾರು ಬರಕೂಡದು ಎಂಬುದನ್ನು ಒಂದೊಂದು ಹೊಸ್ತಿಲೂ ಹೇಳುತ್ತಿತ್ತು. ಹೆಂಗಸರಿಗೆ ಚೌಕದ ಆಕಾಶವೇ ಆಕಾಶ.

ಇದನ್ನು ಪ್ರತಿಭಟಿಸಿದವರೂ ಇದೇ ಊರಿನವರು, ಅವರು ಪ್ರತಿಭಟಿಸಿದ್ದೂ ವಾಡೆಯೊಳಗಿಂದಲೇ. 1848ರಲ್ಲಿ ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳ ಶಾಲೆ ತೆರೆದರು. 1868ರಲ್ಲಿ ಜೋತಿರಾಯರು ತಮ್ಮ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ಮುಕ್ತಮಾಡಿದರು. ಗಂಜ ಪೇಠೆಯ ಅವರ ಮನೆಯನ್ನು ಹೋಗಿ ನೋಡಿರಿ: ಅದೇ ಮಣ್ಣು, ಅದೇ ಮರ, ಅದೇ ಅಂಗಳ. ಕಟ್ಟಡದಲ್ಲಿ ಏನೂ ಬದಲಾಗಲಿಲ್ಲ, ನಂಬಿಕೆ ಮಾತ್ರ ಬುಡಮೇಲಾಯಿತು. ಕಟ್ಟಡವೇ ಕನ್ನಡಿಯೆಂದು ಹೇಳುವವರು ಈ ಹೌದಿನ ಮುಂದೆ ಸ್ವಲ್ಪ ತಡವರಿಸಬೇಕಾಗುತ್ತದೆ. ಇನ್ನು ಆ ಭಿಡೆ ವಾಡೆಯ ಗತಿಯೇನಾಯಿತು? ವರ್ಷಗಟ್ಟಲೆ ದಾವೆ ನಡೆದು, ಕಟ್ಟಡ ಜೀರ್ಣವಾಗಿ, 2023ರ ಡಿಸೆಂಬರಿನಲ್ಲಿ ಅದನ್ನು ಪೂರ್ತಿ ಕೆಡವಲಾಯಿತು, ಅಲ್ಲಿಯೇ ಅದರ ಸ್ಮಾರಕ ಕಟ್ಟುವುದಕ್ಕಾಗಿ! ಉದ್ದೇಶ ಒಳ್ಳೆಯದೇ. ಆದರೆ ಮುದುಕರು ಬದುಕಿದ್ದಾಗ ಔಷಧ ಕೊಡಿಸದೆ ತಿಥಿಯನ್ನು ಅದ್ದೂರಿಯಿಂದ ಮಾಡಿದಂತೆ ಇದು ನಮಗೆ ಕಂಡಿತು.

ವಾಡೆಯ ಬಾಗಿಲು ಬೇರೆ ರೀತಿಯಲ್ಲಿಯೂ ತೆರೆಯಿತು. 1890ರ ದಶಕದಲ್ಲಿ ದೇವರಮನೆಯ ಗಣಪತಿ ಸಾರ್ವಜನಿಕ ಗಣಪತಿಯಾಗಿ ಬೀದಿಗೆ ಬಂದ. ಹತ್ತು ದಿನದ ಮಟ್ಟಿಗಾದರೂ ಬೀದಿಯೇ ಗುಡಿಯಾಯಿತು. 1897ರ ಪ್ಲೇಗು ಬಂದಾಗ, ಬೆಳಕು ಗಾಳಿಯಿಲ್ಲದ ಒಳಕೋಣೆ ಪವಿತ್ರವೂ ಅಲ್ಲ, ಸುರಕ್ಷಿತವೂ ಅಲ್ಲ ಎಂಬ ಅಂಜಿಕೆ ಜನರ ಮನಸ್ಸಿನಲ್ಲಿ ಹೊಕ್ಕಿತು. ಮುಂದೆ ಮುಠಾ ನದಿಯಾಚೆ ಡೆಕ್ಕನ್ ಜಿಮಖಾನಾದ ಕಡೆಗೆ ಬಂಗಲೆಗಳೆದ್ದವು. ವಾಡೆಯ ನಡುವೆ ಅಂಗಳ, ಸುತ್ತಲೂ ಮನೆ. ಬಂಗಲೆಯ ನಡುವೆ ಮನೆ, ಸುತ್ತಲೂ ಅಂಗಳ. ಅಂಗಿಯನ್ನು ಒಳಹೊರಗು ತಿರುವಿ ತೊಟ್ಟ ಹಾಗೆ. ಒಳಮುಖವಾಗಿದ್ದ ಸಂಸಾರ ಬೀದಿಯ ಕಡೆಗೆ ಮುಖ ಮಾಡಿತು.

ಆದರೆ ಹಳೆಯ ವಾಡೆಗಳು ಬಿದ್ದದ್ದು ನಂಬಿಕೆ ಬದಲಾದದ್ದರಿಂದಲೇ ಎಂದರೆ ತಪ್ಪಾದೀತು. ಎರಡು ಕಾರಣಗಳನ್ನು ಮರೆಯುವಂತಿಲ್ಲ. ಮೊದಲನೆಯದು 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯದೆ. ಬಾಡಿಗೆ 1940ರ ಮಟ್ಟದಲ್ಲಿ ಹೆಪ್ಪುಗಟ್ಟಿತು. ಬಾಡಿಗೆದಾರನಿಗೆ ಬಿಡಲು ಮನಸ್ಸಿಲ್ಲ, ಮಾಲಕನಿಗೆ ದುರಸ್ತಿ ಮಾಡಿಸಲು ಮನಸ್ಸಿಲ್ಲ. ನಡುವೆ ಸೋರುವ ಮಾಳಿಗೆ. ನಮ್ಮ ವಾಡೆಯ ಮಾಲಕರು ಮೋಸಗಾರರೇನಲ್ಲ. ಮೇಲಿನ ಅಟ್ಟದ ವೃದ್ಧೆಯೊಬ್ಬರಿಂದ ಅವರಿಗೆ ಬರುತ್ತಿದ್ದ ತಿಂಗಳ ಬಾಡಿಗೆಯಲ್ಲಿ ಎರಡು ಹೆಂಚು ಬರುತ್ತಿರಲಿಲ್ಲ, ಅಷ್ಟೇ. ಆ ವೃದ್ಧೆಗೂ ಬೇರೆ ದಾರಿ ಇರಲಿಲ್ಲ.

ಎರಡನೆಯದು 1961ರ ಜುಲೈ 12. ಪಾನಶೇತ ಅಣೆಕಟ್ಟು ಒಡೆದು, ಆ ನೀರಿಗೆ ಖಡಕವಾಸಲಾ ಅಣೆಕಟ್ಟೂ ತಡೆಯದೆ, ನದಿ ಊರೊಳಗೆ ನುಗ್ಗಿತು. ನದೀತೀರದ ಪೇಠೆಗಳ ಮಣ್ಣಿನ ಗೋಡೆಗಳು ನೀರಲ್ಲಿ ನೆನೆದು ಕುಸಿದವು. ಬಹು ತಲೆಮಾರು ನಿಂತ ಮನೆ ಒಂದು ಮಧ್ಯಾಹ್ನದಲ್ಲಿ ಕೆಸರಾದುದನ್ನು ಕಣ್ಣಾರೆ ಕಂಡವರಿಗೆ ಮಣ್ಣಿನ ಮೇಲಿನ ವಿಶ್ವಾಸ ಉಳಿಯುವುದಾದರೂ ಹೇಗೆ? ಮನೆ ಕಳಕೊಂಡವರಿಗಾಗಿ ಗೋಖಲೆನಗರ, ಸಹಕಾರನಗರದಂಥ ವಸತಿಗಳೆದ್ದವು. ಸಿಮೆಂಟು ಕಬ್ಬಿಣದ ಮೇಲಿನ ಭಕ್ತಿ ಪುಣೆಯಲ್ಲಿ ಆ ನೀರಿನೊಂದಿಗೇ ಏರಿತೆನ್ನಬೇಕು. ನೆರೆ, ಕಾಯದೆ, ಹಣ ಇವು ಮೊದಲು ಮನೆಯನ್ನು ಬದಲಿಸಿದವು. ನಂಬಿಕೆ ಹಿಂದಿನಿಂದ ಬಂದು ಹೊಂದಿಕೊಂಡಿತು. ಆದ್ದರಿಂದ ಕಟ್ಟಡ ನಂಬಿಕೆಯ ಕನ್ನಡಿ ಎಂಬುದು ಅರ್ಧ ಸತ್ಯ. ಕಟ್ಟಡವೇ ಹೊಸ ನಂಬಿಕೆಯ ಅಚ್ಚು ಎಂಬುದು ಉಳಿದರ್ಧ.

1963ರ ಮಹಾರಾಷ್ಟ್ರ ಫ್ಲ್ಯಾಟು ಕಾಯದೆಯ ನಂತರ ನೆಲವಿಲ್ಲದ ಮನೆಯ ಒಡೆತನ ಸರ್ವಸಾಮಾನ್ಯವಾಯಿತು. ಸಹಕಾರಿ ವಸತಿ ಸಂಘದ ಕಲ್ಪನೆಯಲ್ಲಿ ನಮ್ಮ ಕರಾವಳಿಯವರ ಪಾಲೂ ಇದೆ. ಮುಂಬಯಿಯ ಗಾಂವದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದವರು ಶ್ರೀಪಾದ ಸುಬ್ರಾಯ ತಲ್ಮಕಿಯವರು. ಪರಸ್ಥಳಕ್ಕೆ ಬಂದ ಮಧ್ಯಮ ವರ್ಗದವರು ಸಾಲ ಹಂಚಿಕೊಂಡು ಸೂರು ಮಾಡಿಕೊಳ್ಳಬಹುದೆಂದು ಅವರು ತೋರಿಸಿದರು. ಆ ಸಂಘ ಒಂದೇ ಸಮಾಜದವರದು ಎಂಬುದನ್ನೂ ಹೇಳಲೇಬೇಕು. ಸಹಕಾರ ಹೊಸದು, ನೆರೆಹೊರೆ ಹಳೆಯದು.

ಇನ್ನು ನಮ್ಮ ಸರಕಾರಿ ಕ್ವಾರ್ಟರ್ಸಿನ ವಿಚಾರ. ಇದರ ವಿಮರ್ಶೆಯನ್ನು ಯಾರೂ ಮಾಡಿದ್ದನ್ನು ನಾವು ಕಾಣೆವು. ಟೈಪ್ ಒಂದು, ಟೈಪ್ ಎರಡು, ಟೈಪ್ ಮೂರು ಎಂದು ವೇತನದ ಶ್ರೇಣಿಯಂತೆ ಮನೆ. ಗುಮಾಸ್ತರಾದ ನಾವು ಒಂಬತ್ತು ವರ್ಷ ಟೈಪ್ ಎರಡರಲ್ಲಿದ್ದೆವು. ಅಲ್ಲಿ ಜಾತಿ ಕೇಳುವವರಿರಲಿಲ್ಲ. ಪಂಜಾಬಿ, ಮಲೆಯಾಳಿ, ದಲಿತ, ಬ್ರಾಹ್ಮಣ ಎಲ್ಲರದೂ ಒಂದೇ ಅಳತೆಯ ಅಡಿಗೆಮನೆ. ಇದು ಸಣ್ಣ ಸಾಧನೆಯಲ್ಲ. ಪೇಶವೆಯರ ಪೇಠೆಗಳಲ್ಲಿ ಇದು ಊಹಿಸಲೂ ಸಾಧ್ಯವಿರಲಿಲ್ಲ. ಆದರೆ ಟೈಪ್ ನಾಲ್ಕರ ಮಕ್ಕಳು ಟೈಪ್ ಎರಡರ ಅಂಗಳದಲ್ಲಿ ಆಡಲು ಬಂದದ್ದನ್ನು ನಾವು ಕಂಡದ್ದು ಅಪರೂಪ. ಹುಟ್ಟಿನ ಮೆಟ್ಟಿಲನ್ನು ತೆಗೆದು ಸಂಬಳದ ಮೆಟ್ಟಿಲನ್ನು ಹಾಕಿದೆವು. ಸಂಬಳದ ಮೆಟ್ಟಿಲನ್ನು ಬಡ್ತಿ ಸಿಕ್ಕಾಗ ಹತ್ತಬಹುದು ಎಂಬುದಷ್ಟೇ ಸಮಾಧಾನ.

ಈಗಿನ ಕಟ್ಟಡಗಳಿಗೆ ಬಂದರೆ ಶನಿವಾರವಾಡೆ ತಿರುಗಿ ಬಂದಿದೆಯೋ ಎನಿಸುತ್ತದೆ. ದೊಡ್ಡ ಟೌನ್‌ಶಿಪ್ಪುಗಳಿಗೆ ಎತ್ತರದ ಗೋಡೆ, ಕಮಾನು, ಕಾವಲುಗಾರರು, ಬಂದುಹೋಗುವವರ ದಾಖಲೆ. ಆನೆಯ ಭಯ ಹೋಗಿ ಅಪರಿಚಿತರ ಭಯ ಬಂದಿದೆ. ಹಡಪಸರದ ಮಗರಪಟ್ಟಾದಲ್ಲಿ ಸುಮಾರು 400 ಎಕರೆ ಹೊಲವನ್ನು ರೈತರೇ ಒಟ್ಟುಗೂಡಿಸಿ, ಮಾರಿಕೊಂಡು ಹೋಗದೆ ಪಾಲುದಾರರಾಗಿ ನಗರ ಕಟ್ಟಿದ್ದು ನಿಜಕ್ಕೂ ಮೆಚ್ಚಬೇಕಾದ ವಿಚಾರ. ಹಿಂಜವಡಿಯ ಗಾಜಿನ ಕಟ್ಟಡಗಳ ಬಗ್ಗೆ ಮಾತ್ರ ಹಾಗೆ ಹೇಳಲಾರೆವು. ಬಿಸಿಲಿನ ನಾಡಿನಲ್ಲಿ ಗಾಜಿನ ಗೋಡೆ ಕಟ್ಟಿ, ಒಳಬಂದ ಕಾವನ್ನು ವಿದ್ಯುತ್ತಿನಿಂದ ಹೊರಹಾಕುವುದು ಯಾವ ಲೆಕ್ಕ? ಪರದೇಶದವರಂತೆ ಕಾಣಬೇಕೆಂಬ ನಂಬಿಕೆಯ ಹೊರತು ಬೇರೆ ಕಾರಣ ನಮಗೆ ತಿಳಿಯದು.

ಹಳೆಯದನ್ನು ಗೌರವಿಸುವೆವೆಂದು ಹೇಳಿಕೊಳ್ಳುವ ಕಟ್ಟಡಗಳಲ್ಲಿಯೂ ಎರಡು ತರ. ಮೆಟ್ರೋದ ಡೆಕ್ಕನ್ ಜಿಮಖಾನಾ ಮತ್ತು ಸಂಭಾಜಿ ಉದ್ಯಾನ ನಿಲ್ದಾಣಗಳ ಛಾವಣಿಯನ್ನು ಮರಾಠಾ ಪಗಡಿಯ ಆಕಾರದಲ್ಲಿ ಮಾಡಿದ್ದಾರೆ. ನೋಡಲು ಚೆಂದವೇ. ಆದರೆ ಪಗಡಿ ಇಟ್ಟಿದ್ದಾರೆ, ತಲೆ ಬೇರೆಯದು. ಮದುವೆಯಲ್ಲಿ ಬಾಡಿಗೆಗೆ ತಂದ ರುಮಾಲಿನ ಹಾಗೆ. ಇದಕ್ಕೆ ಹೋಲಿಸಿ ವಿದ್ಯಾಪೀಠದ ಆವರಣದ ಖಗೋಳವಿಜ್ಞಾನ ಕೇಂದ್ರವನ್ನು ನೋಡಿರಿ. ಐಯೂಕಾ ಎಂದು ಕರೆಯುವ ಈ ಸಂಸ್ಥೆ 1988ರಲ್ಲಿ ಜಯಂತ ನಾರಳೀಕರರ ನೇತೃತ್ವದಲ್ಲಿ ಸ್ಥಾಪಿತವಾದದ್ದು; ಕಟ್ಟಡ ಚಾರ್ಲ್ಸ್ ಕೊರಿಯಾ ಅವರದು. ನಡುವೆ ನಮ್ಮ ಪುಷ್ಕರಣಿಯಂತೆ ಮೆಟ್ಟಿಲಿಳಿಯುವ ಕುಂಡ. ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ಇವರ ಪ್ರತಿಮೆಗಳು. ಭೂಮಿ ತಿರುಗುವುದನ್ನು ಕಣ್ಣಿಗೆ ತೋರಿಸುವ ಫೂಕೋ ಲೋಲಕ. ಅಲ್ಲಿ ವಾಡೆಯ ಚೌಕವೇ ಬಂದಿದೆ, ಆದರೆ ಯಾರು ಒಳಬರಬಾರದೆಂಬ ಹೊಸ್ತಿಲು ಬಂದಿಲ್ಲ. ತಾನು ಏನನ್ನು ನಂಬುತ್ತೇನೆಂದು ಪ್ರಾಮಾಣಿಕವಾಗಿ ಹೇಳುವ ಕಟ್ಟಡ ಅದು. ಮಕ್ಕಳನ್ನು ಮಾಲಿಗೆ ಕರೆದೊಯ್ಯುವ ಪಾಲಕರು ಒಮ್ಮೆ ಅದು ಸಾರ್ವಜನಿಕರಿಗೆ ತೆರೆದಿರುವ ದಿನ ನೋಡಿ ಅಲ್ಲಿಗೂ ಹೋಗಬೇಕು.

ವಿಜ್ಞಾನದ ಮಾತು ಬಂದಾಗ ವಾಸ್ತುವಿನ ಮಾತನ್ನೂ ಆಡಿಬಿಡೋಣ. ಕೆಲವರಿಗೆ ಸಿಟ್ಟು ಬರಬಹುದು. ಅಡಿಗೆಮನೆ ಆಗ್ನೇಯಕ್ಕೆ ಇರಬೇಕೆಂಬುದು ಒಂಟಿ ಮನೆಯಲ್ಲಿ, ಸೌದೆಯ ಒಲೆಯ ಕಾಲದಲ್ಲಿ, ಪಡುವಣ ಗಾಳಿಗೆ ಹೊಗೆ ಹೊರಗೆ ಹೋಗಲೆಂಬ ಅನುಭವದ ಮಾತಾಗಿರಬಹುದು. ಏಳನೆಯ ಮಾಳಿಗೆಯಲ್ಲಿ ಗ್ಯಾಸು ಉರಿಯುವಾಗ ಅದಕ್ಕೆ ಅರ್ಥವೇನು? ದಕ್ಷಿಣದ ಬಾಗಿಲೆಂದು ನಮ್ಮ ಪರಿಚಿತರೊಬ್ಬರು ಒಳ್ಳೆಯ ಫ್ಲ್ಯಾಟನ್ನು ಬಿಟ್ಟರು. ಪುಣೆ ಹದಿನೆಂಟೂವರೆ ಅಂಶ ಉತ್ತರ ಅಕ್ಷಾಂಶದಲ್ಲಿದೆ; ಮೇ ನಡುವಿನಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯ ಉತ್ತರಕ್ಕಿರುತ್ತಾನೆ, ಉಳಿದ ಕಾಲ ದಕ್ಷಿಣಕ್ಕೆ. ಆ ಬಾಗಿಲಿಗೆ ಚಳಿಗಾಲದ ಬಿಸಿಲು ಚೆನ್ನಾಗಿ ಬರುತ್ತಿತ್ತು. ಗಮನಿಸಬೇಕಾದದ್ದು ಇನ್ನೊಂದಿದೆ. ಶೌಚಾಲಯ ಹಿತ್ತಲಿನಿಂದ ಮಲಗುವ ಕೋಣೆಯ ಮಗ್ಗುಲಿಗೆ ಬಂದಾಗ ಯಾರೂ ಶಾಸ್ತ್ರ ಕೇಳಲಿಲ್ಲ. ಅನುಕೂಲವಿದ್ದಲ್ಲಿ ನಂಬಿಕೆ ದಾರಿ ಬಿಡುತ್ತದೆ, ಭಯವಿದ್ದಲ್ಲಿ ಗಟ್ಟಿಯಾಗುತ್ತದೆ. ಮೂವತ್ತು ವರ್ಷದ ಸಾಲ ಮಾಡಿದವನಿಗೆ ಭಯ ಸಹಜ.

ಇಷ್ಟೆಲ್ಲ ಇತರರ ಬಗ್ಗೆ ಹೇಳಿದ ನಾವು ನಮ್ಮ ಮನೆಯ ಬಗ್ಗೆಯೂ ಹೇಳಬೇಕಲ್ಲವೆ? ಸಿಂಹಗಡ ರಸ್ತೆಯ ಕಡೆಗಿರುವ ನಮ್ಮ ಫ್ಲ್ಯಾಟಿನಲ್ಲಿ ಅವ್ವ ನಾಲ್ಕು ತಿಂಗಳಿಗಿಂತ ಹೆಚ್ಚು ನಿಲ್ಲಲಿಲ್ಲ. "ಎಲ್ಲಾ ಚೊಲೋ ಐತಿ, ಆದರ ಹೊರಗ ಕೂಡಾಕ ಜಾಗಾ ಇಲ್ಲ" ಎಂದು ಹೇಳಿ ಊರಿಗೆ ಹೋದರು. ಕಡೆಯ ದಿನಗಳನ್ನು ಊರ ಮನೆಯ ಕಟ್ಟೆಯ ಮೇಲೆ ಕುಳಿತೇ ಕಳೆದರು. ದೇವರು ನಮ್ಮಲ್ಲಿ ಪ್ಲೈವುಡ್ಡಿನ ಪೆಟ್ಟಿಗೆಯಲ್ಲಿದ್ದಾನೆ, ಫ್ರಿಜ್ಜಿನ ಪಕ್ಕ. ಆದ್ದರಿಂದ ಕಾಕಾ ಸಮ್ಮತಿ ಪತ್ರ ಮುಂದಿಟ್ಟಾಗ ನಾವು ಸಹಿ ಹಾಕಲಿಲ್ಲ. ಆ ಕಟ್ಟೆ, ಆ ಪಡಸಾಲೆ, ಜಂತಿಯ ಮಾಳಿಗೆ, ಬೆಳಕಿಂಡಿ, ಕಾಳು ತುಂಬುತ್ತಿದ್ದ ಹಗೇವು ಇವನ್ನೆಲ್ಲ ಹೇಗೆ ಕೆಡವುವಿರಿ, ಅವ್ವ ಕುಳಿತ ಜಾಗವಲ್ಲವೆ ಎಂದು ಜಗಳವನ್ನೇ ಆಡಿದೆವು.

ಕಾಕಾ ಸಮಾಧಾನದಿಂದ ಕೇಳಿದರು. ಆಮೇಲೆ ಅಂದರು: "ನೀ ವರ್ಷಕ್ಕ ಎರಡ ದಿನಾ ಬರ್ತಿ. ಮಳಿಗಾಲದಾಗ ಮ್ಯಾಳಗಿ ಸೋರಿದರ ರಾತ್ರಿ ಎದ್ದು ಬುಟ್ಟಿ ಇಡಾವ್ರು ನಾವು. ಸೊಸ್ತೇರು ಕತ್ತಲ ಕ್ವಾಣ್ಯಾಗ ಅಡಗಿ ಮಾಡಿ ಕಣ್ಣ ಕಳಕೊಂಡಾರ. ನಿಂಗ ಕಟ್ಟಿ ನೆನಪೈತಿ. ಆ ಕಟ್ಟಿ ಕೆಳಗ ಹೊಲದ ಆಳು ನಿಂತ ನೀರ ಕುಡಿತಿದ್ದ, ಅದ ನೆನಪೈತೇನ?"

ನಮಗೆ ನೆನಪಿತ್ತು. ಬೊಗಸೆಯೊಡ್ಡಿ ನಿಂತವನಿಗೆ ಅವ್ವ ಮೇಲಿನಿಂದ ನೀರು ಸುರಿಯುತ್ತಿದ್ದಳು, ತಂಬಿಗೆ ಕೈಬಿಡುತ್ತಿರಲಿಲ್ಲ. ಪುಣೆಯ ವಾಡೆಯ ಹೊಸ್ತಿಲುಗಳನ್ನು ಇಷ್ಟು ಚೆನ್ನಾಗಿ ಕಂಡ ನಮಗೆ ನಮ್ಮ ಕಟ್ಟೆಯ ಎತ್ತರ ಮಾತ್ರ ಕಂಡಿರಲಿಲ್ಲ. ಹಾಗಾದರೆ ಆ ಕಟ್ಟೆ ಹೋಗಲೇಬೇಕೇ ಎಂದು ಕೇಳಿದೆವು. "ಯಾರ ಮ್ಯಾಲ ಕೂಡಬೇಕು ಅಂತ ಕಟ್ಟಿ ಹೇಳಿತ್ತೇನ? ನಾವ ಹೇಳಿದ್ವಿ" ಎಂದರು ಕಾಕಾ.

ಮರುದಿನ ಸಹಿ ಹಾಕಿದೆವು. ಎರಡು ಕರಾರು ಮಾಡಿಕೊಂಡೆವು: ಹೊಸ ಮನೆಗೂ ಬೀದಿಗೆ ಮುಖಮಾಡಿದ ಕಟ್ಟೆ ಇರಬೇಕು, ಅದರ ಮೇಲೆ ಬಂದವರೆಲ್ಲ ಕೂಡಬೇಕು. ಅಡಿಗೆಮನೆಗೆ ದೊಡ್ಡ ಕಿಟಕಿ ಇರಬೇಕು. ಕಿಟಕಿಯ ಮಾತನ್ನು ತಾವು ಮೊದಲೇ ಗೌಂಡಿಗೆ ಹೇಳಿದ್ದಾಗಿ ಕಾಕಾ ನಕ್ಕರು.

ವಾಚಕರಲ್ಲಿ ಒಂದು ವಿನಂತಿ. ನಮ್ಮಲ್ಲಿ ಹಲವರ ಊರಮನೆಗಳು ಇದೇ ಸ್ಥಿತಿಯಲ್ಲಿವೆ. ಕೆಡವಬೇಡಿರೆಂದು ಹೇಳುವ ಅಧಿಕಾರ ದೂರದಲ್ಲಿರುವ ನಮಗಿಲ್ಲ. ಆದರೆ ಕೆಡವುವ ಮುನ್ನ ಒಂದು ದಿನ ಟೇಪು ಹಿಡಿದು ಅಳೆದು, ನಕ್ಷೆ ಬರೆದು, ಯಾವ ಕೋಣೆಯಲ್ಲಿ ಏನು ನಡೆಯುತ್ತಿತ್ತು, ಯಾರು ಎಲ್ಲಿಯವರೆಗೆ ಬರುತ್ತಿದ್ದರು ಎಂಬುದನ್ನು ಹಿರಿಯರಿಂದ ಕೇಳಿ ಬರೆದಿಡಿರಿ. ಒಂದು ಪ್ರತಿಯನ್ನು ನಮ್ಮ ಸಂಘಕ್ಕೂ ಕೊಡಿರಿ. ಚೆಂದದ್ದನ್ನಷ್ಟೇ ಅಲ್ಲ, ಎಲ್ಲವನ್ನೂ ಬರೆಯಿರಿ. ನಮ್ಮ ಮನೆಯ ನಕ್ಷೆಯನ್ನು ನಾವು ಬರೆದು ಮುಗಿಸಿದ್ದೇವೆ. ಕಟ್ಟೆಯ ಎತ್ತರ ಎರಡೂವರೆ ಅಡಿ.